ನಾಲ್ಕನೆಯ ಸುತ್ತು

ಮೂರು ಸುತ್ತು ಸಲೀಸು.
ನಾಲ್ಕನೆಯದಕ್ಕೆ, ಪ್ಲಾಸ್ಟರಿನ ಚರ್ಚು ದಾಟಿ
ಗಿರಣಿಯ ತಿರುವಿಗೆ ಬಂದಾಗ
ಬಿಕ್ಕಿ ನಿಲ್ಲುತ್ತದೆ ಕೆಂಪು ಡೀಸೆಲ್ ಇಂಜಿನ್ನು.
ಬೆರಳಿನಿಂದ ಬೆನ್ನು ತಟ್ಟಿದರೆ ಎರಡು ಗೇಣು ಹೋಗುತ್ತದೆ,
ಆಮೇಲೆ ಅದೂ ಇಲ್ಲ.

"ಹಳೇ ಸಾಮಾನಿನ ಸಂತೆಯಲ್ಲಿ ಆರು ಯೂರೋ ಕೊಟ್ಟೆ," ಅಂದ ಖಾಂಗ್,
ಮೋಸ ಹೋದವನ ದನಿ ಅಲ್ಲ, ಲೆಕ್ಕ ಒಪ್ಪಿಸುವವನದು.
ಕೆಳಗಿನ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಹೊಲಿಯುವ
ಥೋವಾಳ ಮೊಮ್ಮಗ, ಹನ್ನೊಂದು ವರ್ಷ.
ತ್ಸಿಟ್ಟಾವಿನ ಫೆಬ್ರವರಿ. ಕಿಟಕಿಯ ಗಾಜಿಗೆ
ಹೊರಗಿಂದ ಹಿಮ, ಒಳಗಿಂದ ಸೂಪಿನ ಹಬೆ.

ಮೊದಲು ಹಳಿ, ಅಂದೆ.
ದೂರುವ ಮುನ್ನ ನೆಲ ನೋಡಬೇಕು.
ಮೀಟರಿನ ಎರಡು ಮೊನೆ ಎರಡು ಹಳಿಗೆ:
ಹನ್ನೆರಡು ವೋಲ್ಟು, ತಿರುವಿನಲ್ಲೂ ಹನ್ನೆರಡು,
ಸೇತುವೆಯ ಮೇಲೆ ಹನ್ನೊಂದೂವರೆ.
ಅಷ್ಟು ಸೋರಿಕೆ ಯಾವ ಊರಲ್ಲಿಲ್ಲ.
ಹಳಿ ನಿರಪರಾಧಿ.

ಆಮೇಲೆ ಚಕ್ರ. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆ
ಕರ್ರಗಾಯಿತು, ನಾಲ್ಕು ಸಲ.
ಅಚ್ಚಿಗೆ ಸುತ್ತಿಕೊಂಡಿತ್ತು ಯಾರದೋ ಮನೆಯ ಕಂಬಳಿಯ ಎಳೆ,
ಬೆಕ್ಕಿನ ಕೂದಲೊಂದು, ಬಿಳಿ.
ಚಕ್ರಕ್ಕೆ ತಾಗುವ ತಗಡಿನ ನಾಲಿಗೆಗಳನ್ನು ತುಸು ಬಗ್ಗಿಸಿದೆ.
ಕಾರ್ಬನ್ ಬ್ರಷ್ಷು ಎರಡೂ ಇನ್ನೂ ಅಕ್ಕಿಕಾಳಿನಷ್ಟು ಉದ್ದ; ಸಾಕು.
ಓಡಿಸಿದೆವು. ಒಂದು. ಎರಡು. ಮೂರು.
ಗಿರಣಿಯ ತಿರುವು.

"ಬಿಸಿಯಾದಾಗ ಮಾತ್ರ, ಫ್ರಾವ್ ಹೆರ್ಕ್ನರ್,"
ಅಂದ ಹುಡುಗ, ಅದರ ಬೆನ್ನ ಮೇಲೆ ಬೆರಳಿಟ್ಟು.
ನನಗಿಂತ ಮೊದಲು.

ಸ್ಕ್ರೂ ಒಂದೇ. ಕವಚ ಕಳಚಿದರೆ
ಒಳಗೋಡೆಯ ಮೂಲೆಯಲ್ಲಿ ನೇರಳೆ ಮಸಿಯ ಮುದ್ರೆ: ೧೭.

ಹದಿನೇಳು ನಾನು.
ಎರಡನೆಯ ಶೆಡ್ಡು, ಪರೀಕ್ಷೆಯ ಮೇಜು.
ದಿನಕ್ಕೆ ಇನ್ನೂರ ನಲವತ್ತು ಇಂಜಿನ್ನು
ನನ್ನ ಕಣ್ಣೆದುರು ಒಂದು ಸುತ್ತು ಓಡಿ ಪೆಟ್ಟಿಗೆ ಸೇರುತ್ತಿದ್ದವು.
ಒಂದು ಸುತ್ತು. ನಾಲ್ಕಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ;
ನನಗೆ ಮಸೂರವೇ ಬೇಕಾಯಿತು.
ಮೋಟಾರಿನ ನೀಲಿ ತಂತಿ, ಅದರ ಬುಡದಲ್ಲಿ ಬೆಸುಗೆ:
ಹೊಳಪಿಲ್ಲದ, ಬೂದಿ ಬಣ್ಣದ, ಮರಳು ಮರಳಾದ ಗುಳ್ಳೆ,
ಕಾವು ಸಾಲದೆ ಹಿಡಿದಂತೆ ನಟಿಸಿದ್ದು.
ಸುತ್ತ, ಕೂದಲಿಗಿಂತ ತೆಳು, ಬಿರುಕಿನ ಉಂಗುರ.
ಬಾಲ ಎಡಕ್ಕೆ ಬಾಗಿತ್ತು.

ಇಡೀ ಶೆಡ್ಡಿನಲ್ಲಿ ಎಡಗೈಯವಳು ಒಬ್ಬಳೇ.
ಆ ನವೆಂಬರಿನಲ್ಲಿ ಅರ್ಧ ಮೇಜುಗಳು ಖಾಲಿ;
ಗಡಿ ತೆರೆದಿದೆಯಂತೆ ಎಂದು ಊಟದ ಬಿಡುವಿಗೆ ಎದ್ದವರು
ಮರಳಿರಲಿಲ್ಲ. ಹನೋಯಿಗೆ ವಾಪಸು ಕಳಿಸುವವರ ಪಟ್ಟಿಯನ್ನು
ಗೋಡೆಗೆ ಅಂಟಿಸಿದ್ದರು. ಅದಕ್ಕೆ ಬೆನ್ನು ಹಾಕಿ ಕೂತು
ಥೋವಾ ತಂತಿ ಬೆಸೆಯುತ್ತಿದ್ದಳು, ಕಡ್ಡಿ ಕಾಯುವ ಮೊದಲೇ.
ನೋಡಿದ್ದೆ. ನೋಡಿಯೇ ಮುದ್ರೆ ಒತ್ತಿದ್ದೆ.
ಹಿಂದಿರುಗಿಸಿದ್ದರೆ ಅವಳ ಹೆಸರಿನ ಮುಂದೆ
ಇನ್ನೊಂದು ಕೆಂಪು ಗೀಟು.

"ಯಾರು ಇಷ್ಟು ಕೆಟ್ಟದಾಗಿ ಮಾಡಿದ್ದು?"
"ಹದಿನೇಳು," ಅಂದೆ.
"ಕೆಲಸದಿಂದ ತೆಗೆದರಾ?"
"ಕಾರ್ಖಾನೆಯನ್ನೇ ತೆಗೆದರು."

ಸ್ಪಿರಿಟಿನ ಬಟ್ಟೆ ಹಿಡಿದು ಮುದ್ರೆಯ ಮೇಲೆ ಕೈಯಿಟ್ಟ.
ಅದಿರಲಿ, ಅಂದೆ.

ಬೆಸುಗೆಯ ಕಡ್ಡಿಗೆ ಸ್ವಿಚ್ಚು ಹಾಕಿದೆ. ಅವನಿಗೆ ಆತುರ.
ಕಾಯಬೇಕು ಕಣೋ, ಅಂದೆ.
ಅದೂ, ನಾವೂ.
ಹಳೇ ಸೀಸವನ್ನು ಹೀರಿ ತೆಗೆದು, ತಂತಿಯ ತುದಿ ಕೆರೆದು,
ಕಡ್ಡಿಯನ್ನು ಅವನಿಗೇ ಕೊಟ್ಟೆ.
ಎಡಗೈಗೆ ತೆಗೆದುಕೊಂಡ.
ನಾನು ಸೂಪಿನ ಕಡೆ ನೋಡಿದೆ.

ಮೂರು. ಚರ್ಚು. ಗಿರಣಿಯ ತಿರುವು. ನಾಲ್ಕು.
ಕೆಳಗೆ ಹೊಲಿಗೆಯ ಯಂತ್ರ ಒಂದೇ ಸಮನೆ ಓಡುತ್ತಿತ್ತು.
ಐದು. ಆರು. ಏಳನೆಯ ಸುತ್ತಿಗೆ
ಇಂಜಿನ್ನಿನ ಮುಂದಿನ ದೀಪ ಪಕ್ಕನೆ ಆರಿತು.

"ಅದು ಬೇರೆ ದೋಷ," ಅಂದ ಖಾಂಗ್,
ಆಗಲೇ ಮೀಟರಿಗೆ ಕೈ ಚಾಚಿ, ಖುಷಿಯಲ್ಲಿ.